ಕಿಂಗ್ ಕಾಂಗ್: ಸಂಕೋಲೆಯಲ್ಲಿ ಬಂದ ಅರಸ

ರಾಕ್ಷಸ ಚಿತ್ರಗಳೆಂದರೆ ಮಕ್ಕಳನ್ನು ಬೆದರಿಸುವ ಅಗ್ಗದ ಮನರಂಜನೆಯೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ನಾವು ನೆಲೆಸಿರುವ ಈ ಅಮೆರಿಕದ ಚಿತ್ರ ಚರಿತ್ರೆಯಲ್ಲಿ ಆ ಮಾತಿಗೆ ಒಗ್ಗದ ಕೃತಿಯೊಂದಿದೆ: 1933ರ 'ಕಿಂಗ್ ಕಾಂಗ್'.

ಇದರ ಬೀಜ ದೊರೆತದ್ದು ನಿಜವಾದ ಘಟನೆಯೊಂದರಿಂದ. 1926ರಲ್ಲಿ ಡಗ್ಲಸ್ ಬರ್ಡನ್ ಎಂಬ ಅನ್ವೇಷಕರು ಆಗ ಡಚ್ಚರ ಅಧೀನದಲ್ಲಿದ್ದ ಕೊಮೊಡೊ ದ್ವೀಪಕ್ಕೆ ಹೋಗಿ, ಅಲ್ಲಿಯ ದೈತ್ಯ ಉಡಗಳಲ್ಲಿ ಎರಡನ್ನು ಜೀವಂತ ಹಿಡಿದು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ತಂದರು. ಅವು ಹೆಚ್ಚು ಕಾಲ ಬದುಕಲಿಲ್ಲ. ತನ್ನ ನೆಲದಲ್ಲಿ ಅರಸನಾಗಿದ್ದ ಜೀವಿ ನಗರದ ಪಂಜರದಲ್ಲಿ ಸತ್ತ ಈ ಸಂಗತಿ, ಬರ್ಡನ್ನರ ಗೆಳೆಯ ಮೆರಿಯನ್ ಕೂಪರ್ ಅವರ ಮನಸ್ಸಿನಲ್ಲಿ ಉಳಿಯಿತು.

ಚಿತ್ರವು ತೆರೆಕಂಡದ್ದು 1933ರ ಮಾರ್ಚ್ 2ರಂದು. ಮಹಾ ಆರ್ಥಿಕ ಕುಸಿತದ ದಿನಗಳವು. ನಾಲ್ಕೇ ದಿನಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿದರು. ನಾಯಕಿ ಆನ್ ಹಸಿವು ತಾಳಲಾರದೆ ಅಂಗಡಿಯ ಸೇಬಿಗೆ ಕೈಚಾಚುವಾಗ ಚಿತ್ರ ತಯಾರಕ ಡೆನಮ್‌ನ ಕಣ್ಣಿಗೆ ಬೀಳುತ್ತಾಳೆ. ಅವಳದು ಹೊಟ್ಟೆಯ ಹಸಿವು, ಅವನದು ಹಣದ ಹಸಿವು.

ದ್ವೀಪದಲ್ಲಿ ಕಾಂಗ್ ಎಂಬ ದೈತ್ಯ ಕಪಿಯನ್ನು ಕಂಡ ಮೇಲೆ ಡೆನಮ್‌ಗೆ ತೆಗೆಯಬಂದ ಚಿತ್ರವೇ ಬೇಡವಾಗುತ್ತದೆ. ಅನಿಲದ ಬಾಂಬಿನಿಂದ ಅದರ ಪ್ರಜ್ಞೆ ತಪ್ಪಿಸಿ, ಬ್ರಾಡ್‌ವೇ ರಂಗಮಂದಿರದಲ್ಲಿ ಉಕ್ಕಿನ ಸರಪಳಿ ಬಿಗಿದು ಪ್ರದರ್ಶನಕ್ಕಿಡುತ್ತಾನೆ. ಛಾಯಾಗ್ರಾಹಕರ ದೀಪಗಳು ಮಿಂಚಿದಾಗ ಆನ್‌ಳಿಗೆ ಕೇಡಾಗುತ್ತಿದೆಯೆಂದು ತಿಳಿದೇ ಕಾಂಗ್ ಸರಪಳಿ ಹರಿಯುವುದು. ಅದು ಜನರನ್ನು ಕೊಲ್ಲುವುದೂ ನಿಜ; ಸಾಧುಪ್ರಾಣಿಯೆಂದು ನಾನು ವಾದಿಸಲಾರೆ. ಆದರೆ ಆ ಮಹಾನಗರಕ್ಕೆ ಅದು ತಾನಾಗಿ ಬಂದದ್ದಲ್ಲವಷ್ಟೆ! ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಗುಂಡೇಟು ತಿಂದು, ತನ್ನ ಎದೆಯ ಗಾಯವನ್ನು ತಾನೇ ಮುಟ್ಟಿ ನೋಡಿಕೊಳ್ಳುವ ಆ ಗಳಿಗೆ ಮರೆಯುವಂಥದಲ್ಲ. ಸುಮಾರು ಒಂದೂವರೆ ಅಡಿಯ ಗೊಂಬೆಯನ್ನು ಕೊಂಚಕೊಂಚವೇ ಸರಿಸುತ್ತ, ಒಂದೊಂದೇ ಚೌಕಟ್ಟನ್ನು ಚಿತ್ರಿಸಿ ವಿಲ್ಲಿಸ್ ಓಬ್ರಿಯನ್ ಮತ್ತು ಸಂಗಡಿಗರು ಮೂಡಿಸಿದ ಭಾವವದು. ಗುಂಡು ಹಾರಿಸುವ ವಿಮಾನದಲ್ಲಿ ಕುಳಿತವರು ನಿರ್ದೇಶಕರಾದ ಕೂಪರ್ ಮತ್ತು ಶೋಡ್‌ಸ್ಯಾಕ್ ಅವರೇ! ಹೆಣದ ಮುಂದೆ ನಿಂತ ಡೆನಮ್ ಮಾತ್ರ ತಪ್ಪನ್ನೆಲ್ಲ ಹೆಣ್ಣಿನ ಚೆಲುವಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾನೆ.

ಗಲ್ಲಾಪೆಟ್ಟಿಗೆ ತುಂಬಿದ ಮೇಲೆ ಕೇಳಬೇಕೆ? ಅದೇ ಡಿಸೆಂಬರಿನಲ್ಲಿ 'ಸನ್ ಆಫ್ ಕಾಂಗ್' ಬಂದಿತು. ಮೊಕದ್ದಮೆಗಳಿಗೆ ಹೆದರಿ ಊರು ಬಿಟ್ಟ ಡೆನಮ್ ಈ ಬಾರಿ ನಿಧಿಯ ಆಸೆಯಿಂದ ಮತ್ತೆ ಆ ದ್ವೀಪ ಸೇರುತ್ತಾನೆ. ದ್ವೀಪ ಮುಳುಗುವಾಗ ಮರಿ ಕಾಂಗ್ ಅವನನ್ನು ನೀರಿನ ಮೇಲೆ ಎತ್ತಿ ಹಿಡಿದು, ತಾನು ಮುಳುಗಿ ಸಾಯುತ್ತದೆ. ಡೆನಮ್ ಬದುಕುತ್ತಾನೆ, ನಿಧಿಯಲ್ಲಿ ಅವನಿಗೆ ಪಾಲೂ ದೊರೆಯುತ್ತದೆ.