ಹರಿದ ಅಕಿಲಿಸ್ ರಜ್ಜು: ಹೊಲಿಗೆಯ ಚರಿತ್ರೆ

ಪಡುಬಿದ್ರಿಗೆ ಸಮೀಪದ ನಂದಿಕೂರಿನಲ್ಲೋ ಕಾರ್ಕಳದ ಮಿಯಾರಿನಲ್ಲೋ ನೀವು ಕಂಬಳ ನೋಡಿರಬಹುದು. ಕೆಸರಿನ ಕರೆಯಲ್ಲಿ ಕೋಣಗಳ ಹಿಂದೆ ಓಡುವವನ ಪಾದವನ್ನು ಗಮನಿಸಿ. ಹಿಮ್ಮಡಿ ನೆಲ ಬಿಟ್ಟಾಗ ದೇಹದ ಭಾರವೆಲ್ಲ ಪಾದದ ಮುಂಭಾಗದ ಮೇಲಿರುತ್ತದೆ. ಹಿಮ್ಮಡಿಯನ್ನು ಹೀಗೆ ಮೇಲಕ್ಕೆ ಎಳೆಯುವುದು ಮೀನಖಂಡದ ಸ್ನಾಯುಗಳು. ಅವುಗಳನ್ನು ಹಿಮ್ಮಡಿಯ ಮೂಳೆಗೆ ಜೋಡಿಸಿರುವುದೇ ಅಕಿಲಿಸ್ ಸ್ನಾಯುರಜ್ಜು.

ಇದರ ಮೇಲೆ ಬೀಳುವ ಬಲವೆಷ್ಟು? ಪಾದವನ್ನು ಒಂದು ಸನ್ನೆ ಎಂದು ಭಾವಿಸಿ. ಪಾದದ ಕೀಲಿನಿಂದ ಬೆರಳುಗಳ ಬುಡಕ್ಕೆ ಸುಮಾರು 12 ಸೆಂ.ಮೀ., ರಜ್ಜುವಿಗೆ ಸುಮಾರು 5 ಸೆಂ.ಮೀ. ದೂರ. ಆದ್ದರಿಂದ ಒಂಟಿಕಾಲಿನ ತುದಿಯಲ್ಲಿ ಸುಮ್ಮನೆ ನಿಂತರೂ ರಜ್ಜುವಿನ ಎಳೆತ ದೇಹದ ತೂಕದ ಎರಡೂವರೆ ಪಟ್ಟಿನಷ್ಟಿರುತ್ತದೆ. ಫಿನ್ಲೆಂಡಿನ ಪಾವೊ ಕೋಮಿ ರಜ್ಜುವಿಗೇ ಬಲಮಾಪಕ ಅಳವಡಿಸಿ ಅಳೆದಾಗ, ವೇಗದ ಓಟದಲ್ಲಿ ಅದು ಸುಮಾರು 9,000 ನ್ಯೂಟನ್, ಅಂದರೆ ತೂಕದ 12.5 ಪಟ್ಟು ಎಂದು ತಿಳಿಯಿತು. ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲೆ ರಜ್ಜುವಿಗೆ ರಕ್ತಪೂರೈಕೆ ಕಡಿಮೆ. ಸಾಮಾನ್ಯವಾಗಿ ಹರಿಯುವುದೂ ಅಲ್ಲಿಯೇ.

ಹರಿದ ರಜ್ಜುವನ್ನು 16ನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರ್ವಾಸ್ ಪಾರೆ ವರ್ಣಿಸಿದ್ದ. 1693ರಲ್ಲಿ ಫಿಲಿಪ್ ವೆರ್‍ಹೇಯೆನ್ ತನ್ನ ಅಂಗರಚನಾ ಗ್ರಂಥದಲ್ಲಿ ಇದಕ್ಕೆ ಗ್ರೀಕ್ ವೀರ ಅಕಿಲಿಸನ ಹೆಸರು ಬಳಸಿದ. 1767ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನ ಸ್ವಂತ ಕಾಲಿನ ರಜ್ಜುವೇ ತುಂಡಾಯಿತು. ಆತ ಕತ್ತರಿ ಹಿಡಿಯಲಿಲ್ಲ. ಹಿಮ್ಮಡಿಯನ್ನು ಎತ್ತರಿಸಿ, ಪಟ್ಟಿ ಬಿಗಿದು, ತುಂಡುಗಳು ಹತ್ತಿರ ಇರುವಂತೆ ಮಾಡಿದ. ನಾಯಿಗಳ ರಜ್ಜುವನ್ನು ಚರ್ಮದಡಿಯಲ್ಲೇ ಕತ್ತರಿಸಿ, ಅದು ತಾನಾಗಿ ಕೂಡಿಕೊಳ್ಳುವುದನ್ನೂ ತೋರಿಸಿದ.

ಹೊಲಿಗೆ ತಡವಾಗಿ ಬಂದುದಕ್ಕೆ ಕಾರಣವಿದೆ. 1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರನ ನಂಜುನಿರೋಧಕ ವಿಧಾನ ಬರುವವರೆಗೆ ಕಾಲನ್ನು ಕುಯ್ಯುವುದೆಂದರೆ ಪ್ರಾಣಕ್ಕೇ ಅಪಾಯ. ಮೊದಲ ಹೊಲಿಗೆಯ ಶ್ರೇಯಸ್ಸು ಸಾಮಾನ್ಯವಾಗಿ 1888ರಲ್ಲಿ ಫ್ರಾನ್ಸಿನ ಪೊಲಯ್ಯೋಂಗೆ ಸಲ್ಲುತ್ತದೆ. 20ನೆಯ ಶತಮಾನದಲ್ಲಿ ಶಸ್ತ್ರಚಿಕಿತ್ಸೆ ವ್ಯಾಪಕವಾಯಿತು. 1977ರಲ್ಲಿ ಮಾ ಮತ್ತು ಗ್ರಿಫಿತ್ ಸಣ್ಣ ರಂಧ್ರಗಳ ಮೂಲಕವೇ ಹೊಲಿಯುವ ವಿಧಾನ ಪ್ರಕಟಿಸಿದರು.

ಹಾಗಾದರೆ ಹಂಟರ್ ಸೋತನೇ? ಇಲ್ಲ. 2022ರಲ್ಲಿ ಪ್ರಕಟವಾದ ನಾರ್ವೆಯ ಪರೀಕ್ಷೆಯಲ್ಲಿ 526 ರೋಗಿಗಳ ಫಲಿತಾಂಶವನ್ನು ಹೋಲಿಸಲಾಯಿತು. ಒಂದು ವರ್ಷದ ಬಳಿಕ ಹೊಲಿಸಿಕೊಂಡವರಿಗೂ ಹೊಲಿಸಿಕೊಳ್ಳದವರಿಗೂ ಕಾಲಿನ ಬಳಕೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ರಜ್ಜು ಮತ್ತೆ ಹರಿದುದು ಹೊಲಿಗೆಯಿಲ್ಲದವರಲ್ಲಿ ಶೇ. 6.2, ಹೊಲಿಗೆಯಾದವರಲ್ಲಿ ಶೇ. 0.6 ಮಾತ್ರ. ನರಕ್ಕೆ ಪೆಟ್ಟಾದುದು ಹೊಲಿಗೆಯಾದವರಲ್ಲೇ ಹೆಚ್ಚು. ಯಾವ ದಾರಿ ಎಂಬುದನ್ನು ರೋಗಿಯ ವಯಸ್ಸು, ಕೆಲಸ, ಆಟಗಳನ್ನು ನೋಡಿ ತೀರ್ಮಾನಿಸಬೇಕು.

ಎರಡು ದಾರಿಗಳಿಗೂ ಒಂದೇ ಷರತ್ತು: ಬೇಗ ಪತ್ತೆಯಾಗಬೇಕು. ರಜ್ಜು ಹರಿದವನು ಕುಂಟುತ್ತ ನಡೆಯಬಲ್ಲ. ಹಾಗಾಗಿ ಉಳುಕೆಂದು ಭಾವಿಸಿ ಎಣ್ಣೆ ಹಚ್ಚಿ ಉಜ್ಜುತ್ತ ವಾರಗಳನ್ನು ಕಳೆಯುವುದುಂಟು. ಅಷ್ಟರಲ್ಲಿ ತುಂಡುಗಳು ದೂರ ಸರಿಯುತ್ತವೆ. ಶಿಕ್ಷಕರೇ, ಆಟದ ಮೈದಾನದಲ್ಲಿ ಯಾರಾದರೂ ಹಿಂದಿನಿಂದ ಒದೆ ಬಿದ್ದಂತಾಯಿತು ಎಂದು ಕುಸಿದರೆ ಅವರನ್ನು ಬೋರಲು ಮಲಗಿಸಿ, ಪಾದ ಅಂಚಿನಿಂದಾಚೆ ಇರಲಿ. ಮೀನಖಂಡವನ್ನು ಮೆಲ್ಲನೆ ಹಿಸುಕಿ. ರಜ್ಜು ಸರಿಯಿದ್ದರೆ ಪಾದ ಕೆಳಕ್ಕೆ ಬಾಗುತ್ತದೆ. ಸಿಮಂಡ್ಸ್ 1957ರಲ್ಲಿ, ಥಾಮ್ಸನ್ 1962ರಲ್ಲಿ ವಿವರಿಸಿದ ಪರೀಕ್ಷೆ ಇದು. ಪಾದ ಅಲುಗದಿದ್ದರೆ ಅದೇ ದಿನ ಮೂಳೆತಜ್ಞರಲ್ಲಿಗೆ ಕಳುಹಿಸಿ. ಅಲುಗಿದರೂ ಸಂಶಯ ಉಳಿದರೆ ಕಳುಹಿಸುವುದೇ ಲೇಸು.