ಪಾಸ್‌ಬುಕ್ಕಿನ ಭಾಷೆ: ಫೋಂಡಾದ ಕನ್ನಡ ಕೂಲಿಕಾರರು ಮತ್ತು ಸಂಘಟನೆಯ ಪ್ರಶ್ನೆ

ಫೋಂಡಾಕ್ಕೂ ಕನ್ನಡ ನಾಡಿಗೂ ಇರುವ ನಂಟು ಕೂಲಿಯಿಂದ ಆರಂಭವಾದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಸೋದೆಯ ಅರಸರಿಗೆ ಸೇರಿತ್ತು. 1763ರ ಸುಮಾರಿಗೆ ಹೈದರಾಲಿಯ ದಾಳಿಯಿಂದ ನೆಲೆ ಕಳೆದುಕೊಂಡ ಸೋದೆಯ ಅರಸ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ ಅವರ ‘ನೂತನ ವಿಜಯ’ ಪ್ರದೇಶಗಳಲ್ಲಿ ಸೇರಿಹೋಯಿತು. 1961ರ ವಿಮೋಚನೆಯ ತರುವಾಯ ಈ ನಂಟಿನ ಸ್ವರೂಪ ಬದಲಾಯಿತು. ಕಟ್ಟಡ ಕಾಮಗಾರಿಗಳೂ ಕೈಗಾರಿಕೆಗಳೂ ಬೆಳೆದಂತೆ ಉತ್ತರ ಕರ್ನಾಟಕದ ಮಳೆಯಾಶ್ರಿತ ಹಳ್ಳಿಗಳ ಜನ ಗೋವಾಕ್ಕೆ ದುಡಿಯಲು ಬಂದರು. 2011ರ ಜನಗಣತಿಯಲ್ಲಿ ಗೋವಾದ ಶೇ. 4.5ಕ್ಕಿಂತ ಹೆಚ್ಚು ಜನರ ಮಾತೃಭಾಷೆ ಕನ್ನಡ. ಆದರೆ 1987ರ ರಾಜಭಾಷಾ ಕಾಯಿದೆ ಮನ್ನಿಸಿದ್ದು ಕೊಂಕಣಿ ಮತ್ತು ಮರಾಠಿಗಳನ್ನು ಮಾತ್ರ.

ಈ ಹಿನ್ನೆಲೆಯಲ್ಲಿ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಒಂದು ಕಲಮು ಗಮನಾರ್ಹ. ಗುತ್ತಿಗೆದಾರನು ಪ್ರತಿ ಕಾರ್ಮಿಕನಿಗೂ ಭಾವಚಿತ್ರವುಳ್ಳ ಪಾಸ್‌ಬುಕ್ ಕೊಡಬೇಕಿತ್ತು. ಕೆಲಸದ ಸ್ಥಳ, ಅವಧಿ, ಕೂಲಿಯ ದರ ಮುಂತಾದವನ್ನು ಹಿಂದಿ ಮತ್ತು ಇಂಗ್ಲಿಷಿನ ಜೊತೆಗೆ ಕಾರ್ಮಿಕನ ಭಾಷೆಯಲ್ಲಿಯೂ ಬರೆಯಬೇಕಿತ್ತು. ಆಡಳಿತದಲ್ಲಿ ಸ್ಥಾನವಿಲ್ಲದ ಕನ್ನಡಕ್ಕೆ ಗೋವಾದ ಕೂಲಿಯ ಲೆಕ್ಕದಲ್ಲಿ ಸ್ಥಾನ ದೊರೆತದ್ದು ಹೀಗೆ. ಆದರೆ ಈ ರಕ್ಷಣೆ ಗುತ್ತಿಗೆದಾರನ ಮೂಲಕ ಬಂದವರಿಗಷ್ಟೇ ಸೀಮಿತವಾಗಿತ್ತು. ಬಂಧುಗಳ ಬೆನ್ನುಹಿಡಿದು ತಾವಾಗಿ ಬಂದ ಗೌಂಡಿ, ಹೆಲ್ಪರುಗಳು ಕಾಯಿದೆಯ ಹೊರಗೇ ಉಳಿದರು. ಕರೆತಂದವನೇ ಊರಿನವನೂ ಮುಂಗಡ ಕೊಟ್ಟವನೂ ಆಗಿದ್ದಲ್ಲಿ ಪಾಸ್‌ಬುಕ್ ಕೇಳುವುದೆಂದರೆ ಋಣ ಮರೆತಂತೆ.

ಸಂಘಟನೆಗೆ ಅನುಕೂಲ ಸನ್ನಿವೇಶ ಹೇಗಿರುತ್ತದೆಂಬುದಕ್ಕೆ ಕಾಸರಗೋಡು–ಕಣ್ಣೂರು ಸೀಮೆಯ ಬೀಡಿ ಕಾರ್ಮಿಕರ ಚರಿತ್ರೆ ನಿದರ್ಶನ. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ 1968ರಲ್ಲಿ ಜಾರಿಗೊಳಿಸಿದಾಗ ಮಂಗಳೂರು ಮೂಲದ ಉದ್ಯಮ ಅಲ್ಲಿನ ಕೆಲಸ ನಿಲ್ಲಿಸಿತು. ಕೆಲಸ ಕಳೆದುಕೊಂಡವರು ಸರ್ಕಾರದ ನೆರವಿನಿಂದ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಒಂದೇ ಸೂರಿನಡಿಯ ಕೆಲಸ, ಹಳೆಯ ಸಂಘದ ಬಲ, ತಮ್ಮ ಮತಕ್ಕೆ ಓಗೊಡುವ ಸರ್ಕಾರ ಇವು ಅವರಿಗಿದ್ದವು. ಕಾಮಗಾರಿ ಮುಗಿದೊಡನೆ ಚದುರುವ, ಮತದಾನದ ಹಕ್ಕು ಬಹುಮಟ್ಟಿಗೆ ಊರಿನಲ್ಲೇ ಉಳಿಯುವ ವಲಸಿಗರಿಗೆ ಈ ಮೂರೂ ದುರ್ಲಭ.

ಹಾಗಾಗಿ ಇಂಥವರ ನಡುವೆ ಸಂಘಟನೆಯ ಮೊದಲ ಕೆಲಸ ಮುಷ್ಕರವಲ್ಲ, ದಾಖಲೆ. ಕಟ್ಟಡ ಕಾರ್ಮಿಕ ಸಂಘಟನೆಗಳ ದೀರ್ಘ ಅಭಿಯಾನದಿಂದ ರೂಪುಗೊಂಡ 1996ರ ಕಾಯಿದೆಯೂ ಇದನ್ನೇ ಸೂಚಿಸಿತ್ತು: ಕಲ್ಯಾಣ ಮಂಡಳಿಯ ಸೌಲಭ್ಯಕ್ಕೆ 18ರಿಂದ 60ರೊಳಗಿನ ವಯಸ್ಸು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನದ ದುಡಿಮೆ ಅಗತ್ಯ. ಹಲವು ಮಾಲೀಕರ ಕೈಕೆಳಗೆ ದುಡಿದವನಿಗೆ ಆ ತೊಂಬತ್ತು ದಿನಗಳ ರುಜುವಾತೇ ಕಷ್ಟ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆ ತಾವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಒಪ್ಪಿಕೊಂಡಿತು. ಆದರೆ ಐದು ಜನರಿದ್ದಲ್ಲಿ ಅನ್ವಯಿಸುತ್ತಿದ್ದ ರಕ್ಷಣೆಯ ಮಿತಿ ಹತ್ತಕ್ಕೇರಿತು. ಸ್ಥಳಾಂತರ ಭತ್ಯೆ ಇಲ್ಲವಾಯಿತು. ವ್ಯಾಖ್ಯೆ ಹಿಗ್ಗಿದೆ, ಏಳೆಂಟು ಜನರ ಗೌಂಡಿ ತಂಡ ಮಾತ್ರ ಹೊರಗುಳಿದಿದೆ. ಅಲ್ಪಸಂಖ್ಯಾತ ಭಾಷೆಯ ಅಧ್ಯಯನವು ಶಾಲೆ, ಸಾಹಿತ್ಯಗಳಷ್ಟೇ ಶ್ರದ್ಧೆಯಿಂದ ಕೂಲಿಯ ಲೆಕ್ಕದ ಭಾಷೆಯನ್ನೂ ಪರಿಶೀಲಿಸಬೇಕಾದುದು ಈ ಕಾರಣದಿಂದಲೇ. ತನಗೆ ಓದಲು ಬಾರದ ಲೆಕ್ಕವನ್ನು ಕಾರ್ಮಿಕ ಪ್ರಶ್ನಿಸಲಾರ.