ಅಟ್ಟದ ಸಾಮಾನು, ಅಂಗೈಯ ಸಂತೆ

ಹಳೆಯ ಸಾಮಾನನ್ನು ಕೊಳ್ಳುವಾಗ ಇಲ್ಲದ ನಾಚಿಕೆ ಮಾರುವಾಗ ನಮಗೆ ಎಲ್ಲಿಂದಲೋ ಬಂದುಬಿಡುತ್ತದೆ. ಈ ವ್ಯಾಪಾರವೇನೂ ಹೊಸದಲ್ಲ. ಗುಜರಿ, ಹರಾಜು ಎಂಬ ಮಾತುಗಳು ಉರ್ದುವಿನ ದಾರಿಯಾಗಿ ಬಂದು ಕನ್ನಡದ ಮನೆಮಾತುಗಳೇ ಆಗಿಹೋಗಿವೆ.

ಸಕಲೇಶಪುರ ತಾಲೂಕಿನ ಹೆತ್ತೂರಿನ ಸೀಮೆಯನ್ನೇ ನೋಡಿ. ಮಳೆಯ ನಾಡು, ಕಾಫಿ ಏಲಕ್ಕಿಗಳ ನಾಡು. ರಾಬರ್ಟ್ ಎಲಿಯಟ್ ಎಂಬ ದೊರೆ ಈ ಮಂಜರಾಬಾದಿನ ಬೆಟ್ಟಗಳಿಗೆ 1856ರಲ್ಲಿ ಬಂದು ತೋಟ ಮಾಡಿದ; ತನ್ನ ಅನುಭವವನ್ನು ಪುಸ್ತಕವಾಗಿಯೂ ಬರೆದ. ಅಂಥ ದೊರೆಗಳು ತಿರುಗಿ ಹೋಗುವಾಗ ಬಂಗಲೆಯ ಮೇಜು ಕುರ್ಚಿಗಳನ್ನೆಲ್ಲ ಹಡಗಿಗೆ ಹೇರಿಕೊಂಡು ಹೋದಾರೆಯೇ? ಹೀಗೆ ಉಳಿದುದಕ್ಕೆ ನಮ್ಮವರ ಹಿತ್ತಾಳೆ ತಾಮ್ರಗಳು ಸೇರಿ ಮಲೆನಾಡಿನ ಅಟ್ಟಗಳು ತುಂಬಿದವು. ಅವನ್ನು ಮಾರಬೇಕೆಂದರೆ ಇದ್ದ ದಾರಿ ಒಂದೇ: ಗುಜರಿಯವನ ತಕ್ಕಡಿ. ಅಜ್ಜಿಯ ಕೊಳದಪ್ಪಲೆಯಾದರೂ ಅವನಿಗೆ ಅದು ಇಷ್ಟು ಸೇರು ತಾಮ್ರ, ಅಷ್ಟೆ.

ವಸ್ತುವನ್ನು ತೂಕದಿಂದಲ್ಲದೆ ಗುಣದಿಂದ ಅಳೆಯುವ ವ್ಯಾಪಾರ ಪಟ್ಟಣದಲ್ಲಿತ್ತು. ಬೆಂಗಳೂರಿನಲ್ಲಿ ಕೆ. ಬಿ. ಕೆ. ರಾಯರು 1945ರಲ್ಲಿ ತೆರೆದ ಸೆಲೆಕ್ಟ್ ಬುಕ್ ಶಾಪ್ ಹಳೆಯ ಪುಸ್ತಕಗಳಿಗೇ ಹೆಸರಾಯಿತು. ರದ್ದಿಗೆ ಹೋಗಬಹುದಾದ ಪುಸ್ತಕಕ್ಕೆ ಅಲ್ಲಿ ಬೆಲೆ ಬಂದದ್ದು ಅದೇನೆಂದು ಬಲ್ಲವರು ಇದ್ದುದರಿಂದ.

ಇದೇ ತತ್ತ್ವ 1995ರಲ್ಲಿ ಅಂತರಜಾಲಕ್ಕೆ ಬಂತು. ಅಮೆರಿಕದ ಪಿಯರ್ ಒಮಿಡ್ಯಾರ್ ಆರಂಭಿಸಿದ ಹರಾಜುಕಟ್ಟೆಯಲ್ಲಿ, ಅದೇ ಮುಂದೆ ಈಬೇ ಆಯಿತು, ಮೊದಲು ಮಾರಿಹೋದದ್ದು ಕೆಟ್ಟುಹೋದ ಲೇಸರ್ ಕಡ್ಡಿ, ಬೆಲೆ 14.83 ಡಾಲರು! ಕೆಟ್ಟಿದೆಯೆಂದು ಹೇಳಿಯೇ ಮಾರಿದ್ದರು. ಕೊಂಡವನಿಗೆ ಅಂಥವನ್ನೇ ಕೂಡಿಹಾಕುವ ಹುಚ್ಚು. ನಮ್ಮಲ್ಲಿ ಈಬೇ 2018ರಲ್ಲಿ ಬಾಗಿಲು ಹಾಕಿತು. ಆದರೆ 2006ರಲ್ಲಿ ಹುಟ್ಟಿದ ಓಎಲ್ಎಕ್ಸ್, 2008ರ ಕ್ವಿಕರ್ ಸಂತೆಯನ್ನು ಅಂಗೈಗೇ ತಂದವು.

ಆ 2006ನೆಯ ಇಸವಿ ನನಗೆ ಇನ್ನೊಂದು ಕಾರಣದಿಂದ ಮುಖ್ಯ. ಆ ವರ್ಷ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಸರಕಾರಿ ನೌಕರಿಗೆ ಸೇರಿದವರಿಗೆ ನಿಶ್ಚಿತ ಪಿಂಚಣಿಯ ಬದಲು ಹೊಸ ಯೋಜನೆ ಬಂತು. ಆಮೇಲೆ ಸೇರಿದ ನನ್ನಂಥವರು ಅಟ್ಟದ ಕಡೆ ಕಣ್ಣೆತ್ತಿ ನೋಡಿದರೆ ಆಶ್ಚರ್ಯವೇನು?

ಆದರೆ ಅಟ್ಟ ಖಾಲಿಯಾಗುವುದು ಒಂದೇ ಸಲ. ಅದು ಗಂಟು, ವರಮಾನವಲ್ಲ. ವರಮಾನ ಬೇಕೆಂದರೆ ಕೊಂಡು ಮಾರಬೇಕು. ಅದಕ್ಕೆ ಬಂಡವಾಳ ತಿಳಿವಳಿಕೆ. ಯಾವ ಕಾಲದ್ದು, ಎಲ್ಲಿಯದು, ಎಲ್ಲಿ ಒಡೆದಿದೆ ಎಂದು ನಾಲ್ಕು ಸಾಲು ನಿಜ ಬರೆಯಬಲ್ಲವನಿಗೆ ಹೆತ್ತೂರಿನಲ್ಲಿ ಕುಳಿತೇ ದೂರದ ಗಿರಾಕಿ ಸಿಕ್ಕಾನು. ನಿವೃತ್ತರಲ್ಲಿ ಈ ತಿಳಿವಳಿಕೆಗೆ ಬರವಿಲ್ಲ. ಎಚ್ಚರವೂ ಬೇಕು: ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ; ಒತ್ತಿರೆಂದು ಹೇಳುವ ಗಿರಾಕಿ ಮೋಸಗಾರ.

ಇನ್ನು ಕೆಲವನ್ನು ಮಾರುವಂತೆಯೇ ಇಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುಗಳ, ಎಪ್ಪತ್ತೈದು ವರ್ಷ ದಾಟಿದ ಬೆಲೆಯುಳ್ಳ ಹಸ್ತಪ್ರತಿಗಳ ವ್ಯಾಪಾರವನ್ನು ಪರವಾನಗಿಯಿಲ್ಲದೆ ನಡೆಸುವುದನ್ನು 1972ರ ಕಾಯಿದೆ ನಿಷೇಧಿಸುತ್ತದೆ. ಅಡುಗೆಮನೆಯ ಹೊಗೆಯಲ್ಲಿ ಉಳಿದುಬಂದ ಓಲೆಗರಿಯ ಕಟ್ಟು ಸಿಕ್ಕರೆ ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರಕ್ಕೆ ತಿಳಿಸಿ. ಕೊಳದಪ್ಪಲೆ ಯಾರ ಮನೆಯಲ್ಲಿದ್ದರೂ ಕೊಳದಪ್ಪಲೆಯೇ. ಗರಿ ಚೆದುರಿದರೆ ಒಂದು ಊರಿನ ನೆನಪೇ ಚೆದುರಿತು.